ಹಾಲೆ ಮರದಲ್ಲಿ ಕುಂಕುಮದ ಭರಣಿ ಕಡೆಯುವ ಬಗೆ

ಮನೆಗೆ ಬಂದ ಮುತ್ತೈದೆಗೆ ಕುಂಕುಮ ಕೊಡುವವರ ಒಂದು ಕೈಯಲ್ಲಿ ತಟ್ಟೆಯೋ ಹೂವೋ ಇರುತ್ತದೆ. ಭರಣಿಯ ಮುಚ್ಚಳ ತೆಗೆಯಲು ಉಳಿಯುವುದು ಇನ್ನೊಂದು ಕೈಯ ಎರಡು ಬೆರಳು ಮಾತ್ರ. ಮುಚ್ಚಳ ಬಿಗಿಯಾಗಿದ್ದರೆ ಎಳೆದ ರಭಸಕ್ಕೆ ಭರಣಿ ಜಿಗಿದು ಕುಂಕುಮ ನೆಲದ ಪಾಲಾಗುತ್ತದೆ. ಸಡಿಲವಾಗಿದ್ದರೆ ಪೂಜೆಯ ಬುಟ್ಟಿಯಲ್ಲಿ ಅದು ಮಗುಚಿದ ದಿನ ಬುಟ್ಟಿಯೊಳಗಿನದೆಲ್ಲ ಕೆಂಪಾಗುತ್ತದೆ. ಆದ್ದರಿಂದ ಮರವನ್ನು ತಿರುಗಿಸುತ್ತ ಉಳಿಯಿಂದ ಕಡೆಯುವ ಯಂತ್ರವಾದ ಲೇತಿನ ಮೇಲೆ ಸಣ್ಣ ಭರಣಿಯೊಂದನ್ನು ಕಡೆಯಲು ಕೂತವರು ಅದರ ಹೊರ ಆಕಾರಕ್ಕಿಂತ ಮೊದಲು, ಮುಚ್ಚಳದ ಬಾಯಿಯೂ ಭರಣಿಯ ಕಂಠವೂ ಒಂದನ್ನೊಂದು ತಾಗುವ ಆರು ಮಿಲಿಮೀಟರಿನಷ್ಟು ಎತ್ತರದ ಆ ಉಂಗುರವನ್ನು ಕುರಿತು ಯೋಚಿಸಬೇಕು. ಈ ಬರಹದಲ್ಲಿ ಹೇಳುವ ಕ್ರಮವೆಲ್ಲ ಆ ಉಂಗುರವನ್ನು ಸರಿಯಾಗಿ ಪಡೆಯುವುದಕ್ಕಾಗಿಯೇ ಇದೆ.

ನಾನು ಮೊದಲು ಕಡೆದ ಭರಣಿಯನ್ನು ಬೇಸಿಗೆಯಲ್ಲಿ ಅಮ್ಮನ ಕೈಗಿತ್ತಾಗ ಅದರ ಮುಚ್ಚಳ ರೇಷ್ಮೆಯಂತೆ ಜಾರಿ ಕೂರುತ್ತಿತ್ತು. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಅದು ಕಚ್ಚಿಕೊಂಡು ಕೂತಿತು; ಯಾರು ತಿರುಗಿಸಿದರೂ ಬರಲಿಲ್ಲ. ಕೆಲಸದಲ್ಲಿ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಮರದ ಒಣಗುವಿಕೆಯಲ್ಲಿ. ಹಾಗಾಗಿ ಮರದಿಂದಲೇ ಆರಂಭಿಸುತ್ತೇನೆ.

ಮರದ ಆಯ್ಕೆ ಮತ್ತು ಒಣಗಿಸುವಿಕೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಚನ್ನಪಟ್ಟಣದ ಕುಶಲಕರ್ಮಿಗಳು ಆಟಿಕೆಗಳಿಗೂ ಭರಣಿಗಳಿಗೂ ತಲೆಮಾರುಗಳಿಂದ ಬಳಸುತ್ತ ಬಂದಿರುವುದು ಹಾಲೆ ಮರವನ್ನು. ಊರವರ ಬಾಯಲ್ಲಿ ಅದು ಆಲೆ ಮರ. ಕೊಯ್ದ ಕಡೆ ಹಾಲು ಸುರಿಸುವ ಈ ಮರದ ದಿಮ್ಮಿ ದಂತದ ಬಿಳುಪಿನದು, ಎಳೆ ಬಹಳ ನಯವಾದದ್ದು, ತೂಕ ಕಡಿಮೆ. ಆಂಧ್ರದ ಏಟಿಕೊಪ್ಪಾಕದಲ್ಲಿ ಅರಗಿನ ಆಟಿಕೆ ಕಡೆಯುವವರು ಅಂಕುಡು ಎಂದು ಕರೆಯುವುದೂ ಇದೇ ಮರವನ್ನು. ಇಷ್ಟು ದೂರದ ಎರಡು ಊರುಗಳ ಕಡಚಲುಗಾರರು ಒಂದೇ ಮರಕ್ಕೆ ಬಂದು ನಿಂತಿರುವುದಕ್ಕೆ ಕಾರಣ ಅದರ ಬಿಗಿಯಾದ ಎಳೆಯಲ್ಲಿದೆ: ಉಳಿ ಹಾದ ಜಾಗ ಹರಿದು ಜುಂಗಾಗುವುದಿಲ್ಲ, ಮತ್ತು ಎಳೆಗಳ ನಡುವೆ ದೊಡ್ಡ ರಂಧ್ರಗಳಿಲ್ಲದ ಕಾರಣ ಅರಗು ಕನ್ನಡಿಯಂತೆ ಹರಡಿಕೊಳ್ಳುತ್ತದೆ. ಹಾಲೆ ಸಿಗದ ಕಡೆ ಹಲಸು ಒಳ್ಳೆಯ ಬದಲಿ. ತೇಗದಲ್ಲೂ ಭರಣಿ ಮಾಡಬಹುದು, ಆದರೆ ತೇಗದೊಳಗಿನ ಮರಳಿನಂಥ ಅಂಶ ಉಳಿಯ ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ; ಮೊದಲ ಕೆಲಸಕ್ಕೆ ಅದು ಬೇಡ.

ಮರ ಒಣಗುವಾಗ ಉದ್ದಕ್ಕೆ ಬಹುತೇಕ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಅಡ್ಡಕ್ಕೆ ಕುಗ್ಗುವುದಾದರೂ ಎಲ್ಲ ದಿಕ್ಕಿಗೂ ಸಮನಾಗಿಲ್ಲ: ವರ್ಷದ ಬಳೆಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವ ಕುಗ್ಗುವಿಕೆಯ ಹೆಚ್ಚುಕಡಿಮೆ ಎರಡರಷ್ಟು. ಆದಕಾರಣ ಹಸಿ ಇರುವಾಗ ಗುಂಡಗೆ ಕಡೆದ ಭರಣಿ ಒಣಗಿದ ಮೇಲೆ ಮೊಟ್ಟೆಯಂತಾಗುತ್ತದೆ. ಮುಚ್ಚಳವೂ ತನ್ನ ಪಾಡಿಗೆ ಮೊಟ್ಟೆಯಂತಾಗಿ, ಎರಡೂ ಒಂದೇ ಒಂದು ದಿಕ್ಕಿನಲ್ಲಿ ಮಾತ್ರ ಕೂರುತ್ತವೆ. ಇದಕ್ಕೆ ಇರುವ ಪರಿಹಾರ ತಾಳ್ಮೆಯೊಂದೇ. ಕಡಿದು ತಂದ ಹಾಲೆಯ ಕೊಂಬೆಯ ತೊಗಟೆ ತೆಗೆದು, ಎರಡೂ ತುದಿಗೆ ಮೇಣ ಬಳಿದು, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ತಿಂಗಳು ಇಡಬೇಕು. ಬಿಸಿಲಿಗಿಟ್ಟರೆ ತುದಿ ಸೀಳುತ್ತದೆ; ಮಳೆಯ ತೇವದಲ್ಲಿ ಬಿಟ್ಟರೆ ಬಿಳಿ ಮರದೊಳಗೆ ಕಪ್ಪು ಬೂಷ್ಟಿನ ಕಲೆ ಇಳಿಯುತ್ತದೆ, ಅದನ್ನು ಆಮೇಲೆ ಯಾವ ಉಳಿಯೂ ತೆಗೆಯಲಾರದು. ಮರದ ತಿರುಳು ಭರಣಿಯೊಳಗೆ ಬರದಂತೆ ತುಂಡನ್ನು ಆರಿಸಿಕೊಳ್ಳಬೇಕು. ಸೀಳು ಹುಟ್ಟುವುದು ತಿರುಳಿನಿಂದಲೇ.

ಇಲ್ಲಿ ಹೇಳುವ ಭರಣಿಗೆ 65 ಮಿ.ಮೀ. ಚೌಕದ, 110 ಮಿ.ಮೀ. ಉದ್ದದ, ಎಳೆ ಉದ್ದಕ್ಕೆ ಹರಿದಿರುವ ಒಂದು ತುಂಡು ಸಾಕು. ಮುಗಿದ ಭರಣಿ 56 ಮಿ.ಮೀ. ಅಗಲ ಇರುತ್ತದೆ, ಮೈ ಕಂಠ ಬಿಟ್ಟು 34 ಮಿ.ಮೀ. ಎತ್ತರ, ಮುಚ್ಚಳ 20 ಮಿ.ಮೀ., ಅದರ ಮೇಲೊಂದು ಮೊಗ್ಗು.

ಸಲಕರಣೆ ಮತ್ತು ಎಚ್ಚರ

ಹಳೆಯ ಕಡಚಲುಗಾರರು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಕಮಾನು ಎಳೆಯುತ್ತ, ಇನ್ನೊಂದು ಕೈಯಲ್ಲಿ ಉಳಿ ಹಿಡಿದು, ಕಾಲಿನಿಂದ ಉಳಿಯನ್ನು ಸ್ಥಿರಗೊಳಿಸುತ್ತ ಇದೇ ಭರಣಿಯನ್ನು ಮಾಡುತ್ತಿದ್ದರು. ಕಮಾನಿನ ಲೇತಿನಲ್ಲಿ ಮರ ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ತಿರುಗುವುದರಿಂದ ಅರ್ಧ ಸುತ್ತಿನಲ್ಲಿ ಮಾತ್ರ ಉಳಿ ಕೆಲಸ ಮಾಡುತ್ತದೆ. ಆ ಲಯವನ್ನು ಬಲ್ಲವರ ಕೈಗೆ ನಾನು ತಲೆಬಾಗುತ್ತೇನೆ. ಇಲ್ಲಿ ಹೇಳುವುದು ಮೋಟಾರಿನ ಸಣ್ಣ ಲೇತಿನ ಕ್ರಮ. ಮರವನ್ನು ಕಚ್ಚಿ ಹಿಡಿದು ತಿರುಗಿಸುವ ನಾಲ್ಕು ದವಡೆಯ ಚಕ್, ಲೇತಿನ ಇನ್ನೊಂದು ತುದಿಯಲ್ಲಿ ಹಿಂದೆ ಮುಂದೆ ಸರಿಯುವ ಆಸರೆಯಾದ ಟೇಲ್‌ಸ್ಟಾಕ್‌ಗೆ ಹಾಕುವ ಡ್ರಿಲ್ ಚಕ್, ಒರಟು ಕೆಲಸಕ್ಕೆ ಅಗಲವಾದ ಗೌಜ್ (ದೋಣಿಯಂತೆ ಬಾಗಿದ ಉಳಿ), ಒಳಗೆ ತೋಡಲು 10 ಮಿ.ಮೀ.ಯ ಸಣ್ಣ ಗೌಜ್, ಓರೆ ಬಾಯಿಯ ಉಳಿ, ಮರವನ್ನು ಕತ್ತರಿಸಿ ಬೇರ್ಪಡಿಸಲು 2 ಮಿ.ಮೀ. ದಪ್ಪದ ತೆಳ್ಳಗಿನ ಪಾರ್ಟಿಂಗ್ ಉಳಿ, ಚೌಕ ಬಾಯಿಯದೊಂದು ಮತ್ತು ದುಂಡು ಬಾಯಿಯದೊಂದು ಸ್ಕ್ರೇಪರ್ (ಕೆರೆಯುವ ಉಳಿ), ಒಳಹೊರಗೆ ಎರಡೂ ಅಳೆಯುವ ಕ್ಯಾಲಿಪರ್ — ಇಷ್ಟು ಬೇಕು. ಸಾಣೆ ಹಿಡಿಯುವ ಕಲ್ಲು ಕೈಗೆ ಸಿಗುವಷ್ಟು ಹತ್ತಿರವಿರಲಿ. ಮೊಂಡು ಉಳಿಯನ್ನು ಒತ್ತಿ ಒತ್ತಿ ಕೆಲಸ ಮಾಡುವವರ ಕೈಯಲ್ಲೇ ಮರ ಕಿತ್ತು ಹಾರುವುದು.

ತಿರುಗುವ ಲೇತಿನ ಹತ್ತಿರ ಸೆರಗು, ದುಪಟ್ಟಾ, ಉದ್ದ ತೋಳಿನ ಅಂಗಿ, ಬಳೆ, ಉಂಗುರ, ಕೈಗವಸು ಯಾವುದೂ ಇರಬಾರದು; ಜಡೆಯನ್ನು ಮೇಲೆ ಕಟ್ಟಿಕೊಳ್ಳಬೇಕು. ಮುಖಕ್ಕೆ ಪಾರದರ್ಶಕ ಕವಚ ಹಾಕಿಕೊಳ್ಳಬೇಕು. ಉಜ್ಜುವಾಗ ಮೂಗು ಮುಚ್ಚಿಕೊಳ್ಳಬೇಕು, ಏಕೆಂದರೆ ನಯವಾದ ಮರದ ಹುಡಿ ಶ್ವಾಸದೊಳಗೆ ಬಹಳ ಒಳಕ್ಕೆ ಹೋಗುತ್ತದೆ. ಪ್ರತಿ ಬಾರಿ ಸ್ವಿಚ್ ಹಾಕುವ ಮೊದಲು ಮರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಉಳಿಯನ್ನು ಆನಿಸುವ ಟೂಲ್ ರೆಸ್ಟಿಗೆ ಅದು ತಾಗುವುದಿಲ್ಲವೆಂದು ನೋಡಿಕೊಳ್ಳಬೇಕು. ಟೂಲ್ ರೆಸ್ಟನ್ನು ಜರುಗಿಸುವಾಗ ಲೇತು ನಿಂತಿರಬೇಕು. ತಿರುಗುವ ಮರಕ್ಕೆ ಬಟ್ಟೆ ಹಿಡಿದು ಒರೆಸುವ ಅಭ್ಯಾಸ ಯಾರಿಗೂ ಬೇಡ. ಬಟ್ಟೆ ಸುತ್ತಿಕೊಂಡರೆ ಬೆರಳನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಒರೆಸಲು ಕಾಗದ ಸಾಕು, ಅದು ಹರಿದು ಬಿಡುತ್ತದೆ.

ಒರಟು ಕಡಚಲು

ತುಂಡಿನ ಎರಡೂ ತುದಿಯಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದು ನಡುವನ್ನು ಗುರುತಿಸಿ, ಲೇತಿನ ಎರಡು ಮೊನೆಗಳ ನಡುವೆ ಅದನ್ನು ಬಿಗಿಯಿರಿ. ನಿಮಿಷಕ್ಕೆ 700 ರಿಂದ 800 ಸುತ್ತಿನ ವೇಗದಲ್ಲಿ ಆರಂಭಿಸುವುದು ಕ್ಷೇಮ. ಚೌಕ ಹೋಗಿ ಗುಂಡಾದ ಮೇಲೆ 1500ಕ್ಕೆ ಏರಿಸಬಹುದು. ಅಗಲದ ಗೌಜನ್ನು ಮೊದಲು ಟೂಲ್ ರೆಸ್ಟಿನ ಮೇಲೆ ಊರಿ, ಅದರ ಸಾಣೆ ಹಿಡಿದ ಇಳಿಜಾರು ಮರಕ್ಕೆ ತಾಗುವಂತೆ ಮಾಡಿ, ಆಮೇಲೆ ಹಿಡಿಯನ್ನು ಮೆಲ್ಲಗೆ ಮೇಲೆತ್ತುತ್ತ ಬಂದರೆ ಒಂದು ಹಂತದಲ್ಲಿ ಬಾಯಿ ತಾನಾಗಿ ಕಚ್ಚಿ, ತೆಳ್ಳನೆಯ ಸುರುಳಿಗಳು ಹೊರಬರಲು ತೊಡಗುತ್ತವೆ. ಉಳಿಯ ಯಾವ ಕೆಲಸದಲ್ಲೂ ಈ ಅನುಕ್ರಮ ತಪ್ಪಬಾರದು: ಮೊದಲು ಊರು, ಆಮೇಲೆ ತಾಗು, ಕೊನೆಗೆ ಕಚ್ಚು. ಸುರುಳಿ ಬರುವ ಬದಲು ಹುಡಿ ಬರುತ್ತಿದ್ದರೆ ಸಾಣೆ ಹಿಡಿಯುವ ಸಮಯ ಬಂದಿದೆಯೆಂದು ತಿಳಿಯಿರಿ.

ತುಂಡು 62 ಮಿ.ಮೀ.ಗೆ ಗುಂಡಾದಾಗ ಎರಡೂ ತುದಿಯಲ್ಲಿ ಚಕ್ ಕಚ್ಚಿ ಹಿಡಿಯಲು 45 ಮಿ.ಮೀ. ಅಗಲ, 6 ಮಿ.ಮೀ. ಎತ್ತರದ ಗಿಡ್ಡ ಗೂಟಗಳನ್ನು ಕಡೆಯಿರಿ. ಗೂಟದ ತುದಿ ಚಕ್ಕಿನ ತಳಕ್ಕೆ ತಾಗಬಾರದು. ದವಡೆಯ ಮುಖಕ್ಕೆ ಕೂರಬೇಕಾದದ್ದು ಗೂಟದ ಸುತ್ತಲಿನ ಭುಜ. ಈಗ ತುಂಡಿನ ಉದ್ದಕ್ಕೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಮುಚ್ಚಳದ ಭಾಗಕ್ಕೆ ಸುಮಾರು 35 ಮಿ.ಮೀ. ಬಿಟ್ಟು, ತೆಳ್ಳಗಿನ ಪಾರ್ಟಿಂಗ್ ಉಳಿಯಿಂದ ತುಂಡನ್ನು ಎರಡು ಮಾಡಿ. ಉಳಿಯನ್ನು ನಡುವಿನವರೆಗೂ ಒಯ್ಯದೆ, 10 ಮಿ.ಮೀ.ಯಷ್ಟು ಉಳಿದಾಗ ಲೇತು ನಿಲ್ಲಿಸಿ ಗರಗಸದಿಂದ ಕೊಯ್ದುಕೊಳ್ಳುವುದು ಒಳ್ಳೆಯದು. ಉಳಿ ತೆಳ್ಳಗಿದ್ದಷ್ಟೂ ಮುಚ್ಚಳದ ಎಳೆ ಮೈಯ ಎಳೆಗೆ ಹೊಂದಿ ಬರುತ್ತದೆ. ಆ ಪೆನ್ಸಿಲ್ ಗೆರೆ ಕೊನೆಯವರೆಗೂ ನಿಮಗೆ ದಿಕ್ಕು ತೋರಿಸುತ್ತದೆ.

ಎರಡೂ ತುಂಡುಗಳನ್ನು ಒಂದೊಂದಾಗಿ ಚಕ್ಕಿಗೆ ಹಿಡಿಸಿ, ನಡುವೆ 25 ಮಿ.ಮೀ. ಅಗಲದಷ್ಟು ಒರಟಾಗಿ ತೋಡಿ ಇಡಿ. ಇದು ಅಂತಿಮ ತೋಡಿಕೆಯಲ್ಲ, ಮರದ ಒಳಗಿನ ಬಿಗುವು ಸಡಿಲಗೊಳ್ಳಲು ಬಿಟ್ಟುಕೊಟ್ಟ ಜಾಗ. ಮುಚ್ಚಳದ ಕಡೆ 10 ಮಿ.ಮೀ.ಗಿಂತ ಆಳಕ್ಕೆ ಹೋಗಬೇಡಿ. ಆಮೇಲೆ ಎರಡನ್ನೂ ಜೊತೆಯಾಗಿ ಕಟ್ಟಿ, ಒಣ ಜಾಗದಲ್ಲಿ ಮೂರು ನಾಲ್ಕು ವಾರ ಬಿಡಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಟ್ಟುಕೊಳ್ಳಿ: ಎರಡು ವಾರ ತೂಕ ಬದಲಾಗದೆ ನಿಂತರೆ ಮರ ಸುತ್ತಲಿನ ಗಾಳಿಯೊಡನೆ ಸಮಾಧಾನಕ್ಕೆ ಬಂದಿದೆ ಎಂದರ್ಥ. ಮಳೆಗಾಲದಲ್ಲಿ ಈ ಕೆಲಸ ಮಾಡುವವರು, ಅದರಲ್ಲೂ ಮಲೆನಾಡಿನಲ್ಲಿರುವವರು, ಇನ್ನಷ್ಟು ಕಾಯಬೇಕಾದೀತು. ನನ್ನ ಮೊದಲ ಭರಣಿಯಲ್ಲಿ ನಾನು ಬಿಟ್ಟದ್ದು ಈ ಒಂದು ಹಂತವನ್ನೇ.

ಮುಚ್ಚಳದ ಒಳಗು

ಮುಚ್ಚಳವನ್ನೇ ಮೊದಲು ಮುಗಿಸಬೇಕು. ಹೊರಗಿನ ಕಂಠವನ್ನು ಕೂದಲೆಳೆಯಷ್ಟು ಸವೆಸಿ ಒಳಗಿನ ಬಾಯಿಗೆ ಹೊಂದಿಸುವುದು ಸುಲಭ. ಒಳಗಿನ ಬಾಯಿಯನ್ನು ಹಿಗ್ಗಿಸುತ್ತ ಹೊರಗಿನ ಕಂಠಕ್ಕೆ ಹೊಂದಿಸುವುದು ಬಹಳ ಕಷ್ಟ, ಏಕೆಂದರೆ ಅಲ್ಲಿ ಉಳಿಯ ತುದಿ ಕಣ್ಣಿಗೆ ಕಾಣುವುದಿಲ್ಲ.

ಮುಚ್ಚಳದ ತುಂಡನ್ನು ಗೂಟದಲ್ಲಿ ಹಿಡಿಸಿ, ಹೊರಮೈಯನ್ನು ಮತ್ತೊಮ್ಮೆ ಗುಂಡು ಮಾಡಿ, ಮುಖವನ್ನು ಸಮತಟ್ಟಾಗಿ ಕಡೆಯಿರಿ. ಮುಖ ಒಳಕ್ಕೆ ಕೂದಲಿನಷ್ಟು ಬಾಗಿದ್ದರೆ ಇನ್ನೂ ಒಳ್ಳೆಯದು, ಆಗ ಮುಚ್ಚಿದಾಗ ಹೊರ ಅಂಚು ಸಂದಿಲ್ಲದೆ ಕೂರುತ್ತದೆ. ಒಳಗೆ ತೋಡಲು ಸಣ್ಣ ಗೌಜನ್ನು ನಡುವಿನಿಂದ ಹೊರಕ್ಕೆ ಎಳೆಯುತ್ತ ಬರಬೇಕು. ಎಳೆ ಉದ್ದಕ್ಕೆ ನಿಂತಿರುವ ಮರದ ಒಳಗನ್ನು ತೋಡುವಾಗ ಅಂಚಿನಿಂದ ನಡುವಿಗೆ ಹೋದರೆ ಎಳೆಗಳು ಆಸರೆಯಿಲ್ಲದೆ ಕಿತ್ತು ಬರುತ್ತವೆ, ನಡುವಿನಿಂದ ಅಂಚಿಗೆ ಬಂದರೆ ಒಂದು ಎಳೆ ಇನ್ನೊಂದಕ್ಕೆ ಆಸರೆಯಾಗಿ ನಯವಾಗಿ ಕೊಯ್ಯಲ್ಪಡುತ್ತವೆ. ಒಟ್ಟು ಆಳ 13 ಮಿ.ಮೀ. ಇರಲಿ; ಮೇಲ್ಭಾಗ ಗುಡಿಯ ಗುಮ್ಮಟದ ಒಳಗಿನಂತೆ ದುಂಡಾಗಿರಲಿ.

ಅಂಚಿನಿಂದ ಒಳಕ್ಕೆ ಮೊದಲ 7 ಮಿ.ಮೀ. ಮಾತ್ರ ಬೇರೆಯೇ ಜಾತಿಯ ಕೆಲಸ. ಚೌಕ ಬಾಯಿಯ ಸ್ಕ್ರೇಪರನ್ನು ಲೇತಿನ ಅಕ್ಷಕ್ಕೆ ಸರಿಯಾಗಿ ಸಮಾನಾಂತರವಾಗಿ ಹಿಡಿದು, 44 ಮಿ.ಮೀ. ಅಗಲದ ನೇರ ಗೋಡೆಯನ್ನು ಅಲ್ಲಿ ಕಡೆಯಬೇಕು. ಗೋಡೆ ಒಳಕ್ಕೆ ಹೋದಂತೆ ಕಿರಿದಾದರೆ ಮುಚ್ಚಳ ಕೂತರೂ ಜಾರಿ ಮೇಲೇಳುತ್ತದೆ, ಅಗಲವಾದರೆ ಅಂಚಿನಲ್ಲಿ ಮಾತ್ರ ಹಿಡಿದು ಅಲುಗಾಡುತ್ತದೆ. ಕ್ಯಾಲಿಪರಿನ ಒಳದವಡೆಗಳನ್ನು ಬಾಯಂಚಿನಲ್ಲೊಮ್ಮೆ, ಐದು ಮಿಲಿಮೀಟರು ಒಳಗೊಮ್ಮೆ ಇಟ್ಟು ನೋಡಿ. ಎರಡೂ ಕಡೆ ಒಂದೇ ಅಳತೆ ಬರುವವರೆಗೆ ಬಿಡಬೇಡಿ. ಈ ಗೋಡೆಗೆ ಉಜ್ಜು ಕಾಗದ ತಾಗಿಸಬಾರದು. ಮರದ ಮೆದು ಭಾಗ ಬೇಗ ಸವೆದು ಗಟ್ಟಿ ಭಾಗ ಉಳಿದುಬಿಡುವುದರಿಂದ ಕಾಗದವು ಗುಂಡಗಿದ್ದದ್ದನ್ನು ಗುಂಡಗಿಲ್ಲದಂತೆ ಮಾಡುತ್ತದೆ. ಗೋಡೆಯ ಮೇಲಿನ ಗುಮ್ಮಟವನ್ನು ಮಾತ್ರ 180, 240, 320 ಅಂಕಿಯ ಕಾಗದಗಳಲ್ಲಿ ಕ್ರಮವಾಗಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಚಪ್ಪಡಿ ಅರಗನ್ನು (ಷೆಲ್ಲಾಕ್) ತೆಳ್ಳಗೆ ಒಂದು ಕೈ ಬಳಿದು ಒಣಗಲು ಬಿಡಿ. ಗುಮ್ಮಟ ಆಮೇಲೆ ಚಕ್ಕಿಗೆ ಮತ್ತೆ ಸಿಗುವುದಿಲ್ಲ.

ಕಂಠ

ಮೈಯ ತುಂಡನ್ನು ಚಕ್ಕಿಗೆ ಹಿಡಿಸಿ, ಮುಖ ಸಮ ಮಾಡಿ. ಕ್ಯಾಲಿಪರಿನಲ್ಲಿ ಮುಚ್ಚಳದ ಬಾಯಿಯ ಅಳತೆ ತೆಗೆದುಕೊಂಡು, ಅದಕ್ಕಿಂತ ಒಂದೂವರೆ ಮಿಲಿಮೀಟರು ಹೆಚ್ಚಿಗೆ ಅಗಲವಿರುವಂತೆ 6 ಮಿ.ಮೀ. ಎತ್ತರದ ಕಂಠವನ್ನು ಪಾರ್ಟಿಂಗ್ ಉಳಿಯಿಂದ ಕಡೆಯಿರಿ. ಬಾಯಿಯ ಆಳ ಏಳು, ಕಂಠದ ಎತ್ತರ ಆರು. ಆ ಒಂದು ಮಿಲಿಮೀಟರಿನ ಅವಕಾಶವಿದ್ದರೆ ಮಾತ್ರ ಮುಚ್ಚಳ ಭುಜದ ಮೇಲೆ ಪೂರ್ತಿಯಾಗಿ ಕೂರುತ್ತದೆ.

ಇನ್ನು ಮುಂದಿನ ಕೆಲಸಕ್ಕೆ ಅಳತೆಗೋಲು ನೆರವಾಗುವುದಿಲ್ಲ. ಕಂಠದ ತುದಿಯನ್ನು ಮಾತ್ರ ಸ್ವಲ್ಪ ಇಳಿಜಾರಾಗಿ ತೆಳ್ಳಗೆ ಮಾಡಿ, ಲೇತು ನಿಲ್ಲಿಸಿ, ಮುಚ್ಚಳವನ್ನು ಅದರ ಮೇಲಿಟ್ಟು ಕೈಯಿಂದ ಒತ್ತಿ ಒಂದೆರಡು ಸುತ್ತು ತಿರುಗಿಸಿ ತೆಗೆಯಿರಿ. ಮುಚ್ಚಳ ಉಜ್ಜಿದ ಕಡೆ ಕಂಠದ ಮೇಲೆ ಒಂದು ಹೊಳೆಯುವ ಗೆರೆ ಮೂಡುತ್ತದೆ. ಆ ಗೆರೆ ಇರುವ ಜಾಗದ ಅಗಲವೇ ನಿಮಗೆ ಬೇಕಾದ ಅಗಲ. ಓರೆ ಉಳಿಯನ್ನು ಮಲಗಿಸಿ ಹಿಡಿದು, ಗೆರೆಯಿಂದ ಭುಜದವರೆಗಿನ ಭಾಗವನ್ನು ಗೆರೆಯ ಮಟ್ಟಕ್ಕೆ ತರುತ್ತ, ಪ್ರತಿ ಸಲವೂ ಲೇತು ನಿಲ್ಲಿಸಿ ಮುಚ್ಚಳವಿಟ್ಟು ನೋಡಬೇಕು. ಕೊನೆಯ ಹಂತದಲ್ಲಿ ತೆಗೆಯಬೇಕಾದದ್ದು ಸುರುಳಿಯಲ್ಲ, ಧೂಳು. ಐದಾರು ಸಲವಲ್ಲ, ಹತ್ತು ಹದಿನೈದು ಸಲವಾದರೂ ನಿಲ್ಲಿಸಿ ನೋಡುವುದಕ್ಕೆ ಬೇಸರಪಡಬಾರದು. ಇಡೀ ಭರಣಿಯಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯಬೇಕಾದ ಜಾಗ ಇದು.

ಸದ್ಯಕ್ಕೆ ಮುಚ್ಚಳ ಬಿಗಿಯಾಗಿಯೇ ಕೂರಬೇಕು, ಅಂಗೈಯಿಂದ ತಟ್ಟಿ ಕೂರಿಸುವಷ್ಟು ಬಿಗಿ. ಮುಂದೆ ಮುಚ್ಚಳದ ಹೊರಮೈಯನ್ನು ಕಡೆಯುವಾಗ ಅದನ್ನು ಹಿಡಿದು ನಿಲ್ಲಿಸುವುದು ಈ ಬಿಗಿಯೇ. ಅಕಸ್ಮಾತ್ ಹೆಚ್ಚು ಸವೆದು ಸಡಿಲವಾದರೆ ಎದೆಗುಂದಬೇಕಿಲ್ಲ: ತೆಳ್ಳನೆಯ ಕಾಗದದ ಒಂದು ಪದರವನ್ನು ಕಂಠಕ್ಕೆ ಸುತ್ತಿ ಮುಚ್ಚಳ ಕೂರಿಸಿ ಕೆಲಸ ಮುಂದುವರಿಸಬಹುದು. ಸಡಿಲವೇ ಹೆಚ್ಚಾದರೆ ಭುಜವನ್ನು ಇನ್ನೂ ಆರು ಮಿಲಿಮೀಟರು ಕೆಳಕ್ಕಿಳಿಸಿ ಹೊಸ ಕಂಠ ಕಡೆದುಕೊಳ್ಳಬೇಕು. ಭರಣಿ ಅಷ್ಟು ಗಿಡ್ಡವಾಗುತ್ತದೆ, ಅಷ್ಟೇ.

ಹೊರ ಆಕಾರ

ಪೆನ್ಸಿಲ್ ಗೆರೆಗಳು ಕೂಡುವಂತೆ ಮುಚ್ಚಳವನ್ನು ಕೂರಿಸಿ, ಟೇಲ್‌ಸ್ಟಾಕಿನ ಮೊನೆಯನ್ನು ತಂದು ಮುಚ್ಚಳದ ಗೂಟಕ್ಕೆ ಮೆಲ್ಲಗೆ ಊರಿ. ಈಗ ಮೈಯೂ ಮುಚ್ಚಳವೂ ಒಂದೇ ಮರ. ಎರಡನ್ನೂ ಕೂಡಿಸಿ 56 ಮಿ.ಮೀ.ಗೆ ತಂದು, ನಿಮಗೊಪ್ಪುವ ಆಕಾರ ಕೊಡಬಹುದು. ನನಗೆ ಒಪ್ಪುವುದು ತಳದಲ್ಲಿ ಕಿರಿದಾಗಿ, ಮುಚ್ಚಳದ ಸಂದಿನ ಸ್ವಲ್ಪ ಕೆಳಗೆ ಅತಿ ಅಗಲವಾಗಿ, ಮೇಲೆ ಮೆಲ್ಲಗೆ ಬಾಗುವ ಆಕಾರ. ಅಡಿಕೆಯನ್ನು ಸ್ವಲ್ಪ ಎತ್ತರಿಸಿದಂತೆ. ಬೇಲೂರು ಹಳೇಬೀಡುಗಳ ದೇವಾಲಯಗಳಲ್ಲಿ ತಿರುಗಿಸಿ ಕಡೆದ ಬಳಪದ ಕಲ್ಲಿನ ಕಂಬಗಳನ್ನು ನೋಡಿದವರಿಗೆ, ದುಂಡು ಉಬ್ಬು ಮತ್ತು ಚೂಪಾದ ತಗ್ಗು ಒಂದರ ಪಕ್ಕ ಒಂದು ಬಂದಾಗಲೇ ಎರಡಕ್ಕೂ ಕಳೆ ಬರುವುದೆಂಬುದು ಗೊತ್ತಿರುತ್ತದೆ. ಆ ಕಂಬಗಳ ಮುಂದೆ ಒಂದು ಗಳಿಗೆ ನಿಂತು ನೋಡುವುದು ಕಡಚಲು ಕಲಿಯುವವರಿಗೆ ಒಳ್ಳೆಯ ಪಾಠ.

ಸಂದಿನ ಗೆರೆಯ ಮೇಲೆಯೇ ಓರೆ ಉಳಿಯ ಮೊನೆಯಿಂದ ಒಂದು ಸಣ್ಣ ತಗ್ಗು ಗೆರೆ ಕೊಯ್ಯಿರಿ. ಮರ ಮುಂದೆ ಅಲ್ಪಸ್ವಲ್ಪ ಬಾಗಿದರೂ ಮೈಯ ಅಂಚಿಗೂ ಮುಚ್ಚಳದ ಅಂಚಿಗೂ ಬರುವ ಏರುಪೇರನ್ನು ಈ ತಗ್ಗು ಮರೆಮಾಡುತ್ತದೆ, ಬಣ್ಣದ ಅರಗು ಸಂದಿನ ಮೇಲೆ ಹರಿದು ಎರಡನ್ನೂ ಬೆಸೆಯುವುದನ್ನೂ ತಡೆಯುತ್ತದೆ. ಮುಚ್ಚಳದ ಮೇಲಿನ ಗೂಟವನ್ನು ಸಣ್ಣದು ಮಾಡುತ್ತ ಬಂದು ಮೊಗ್ಗನ್ನು ಬಿಡಿಸಿ. ಅದರ ಕುತ್ತಿಗೆ ಎರಡು ಬೆರಳು ಹಿಡಿಯಲು ಅನುಕೂಲವಾಗಿ 8 ಮಿ.ಮೀ. ಇರಲಿ, ತಲೆ 13 ಮಿ.ಮೀ. ಇರಲಿ. ಮೊನೆ ಊರಿದ ಕೊನೆಯ ಚೂರನ್ನು ಈಗಲೇ ತೆಗೆಯಬೇಡಿ. ಹೊರಮೈಯನ್ನು ವೇಗ ತಗ್ಗಿಸಿ 180ರಿಂದ 320ರವರೆಗಿನ ಕಾಗದದಲ್ಲಿ ಉಜ್ಜಿ. ಪ್ರತಿ ಕಾಗದದ ನಂತರ ಲೇತು ನಿಲ್ಲಿಸಿ ಎಳೆಯ ಗುಂಟ ಕೈಯಿಂದ ಒಮ್ಮೆ ಉಜ್ಜಿದರೆ ಸುತ್ತುಗೆರೆಗಳು ಮಾಯವಾಗುತ್ತವೆ.

ಅರಗು

ಮುತ್ತುಗ, ಎಲಚಿಯಂಥ ಮರಗಳ ರೆಂಬೆಗಳ ಮೇಲೆ ಅರಗಿನ ಹುಳು ಸ್ರವಿಸುವ ಅಂಟನ್ನು ಕೆರೆದು, ತೊಳೆದು, ಕರಗಿಸಿ ಮಾಡಿದ್ದೇ ಅರಗು. ಅದಕ್ಕೆ ಬಣ್ಣ ಸೇರಿಸಿ, ಕೆಂಡದ ಕಾವಿನಲ್ಲಿ ಮೆದುವಾಗಿಸಿ, ಎಳೆದು ಮಡಿಸಿ ಮತ್ತೆ ಎಳೆದು ಕಡ್ಡಿಗಳನ್ನಾಗಿ ಮಾಡುತ್ತಾರೆ. ಮೊದಲ ಸಲಕ್ಕೆ ಸಿದ್ಧವಾದ ಕಡ್ಡಿಗಳನ್ನು ಕೊಳ್ಳುವುದೇ ಮೇಲು. ಅರಿಸಿನ, ನೀಲಿಯಂಥ ಸಸ್ಯದ ಬಣ್ಣ ಹಾಕಿದ ಕಡ್ಡಿಗಳನ್ನು ಕೇಳಿ ಪಡೆಯಿರಿ. ಅರಗು ಸುಮ್ಮನೆ ಮೇಲೆ ಕೂರುವ ಲೇಪವಲ್ಲ, ದಿನವೂ ಕೈ ತಾಗುವ ವಸ್ತುವಿನ ಚರ್ಮ.

ಮರದ ಮೇಲೆ ಎಣ್ಣೆಯಾಗಲಿ ಮೇಣವಾಗಲಿ ಬೆವರಾಗಲಿ ಇದ್ದರೆ ಅರಗು ಹಿಡಿಯುವುದಿಲ್ಲ. ಹುಡಿಯನ್ನು ಬ್ರಷ್ಷಿನಿಂದ ತೆಗೆದು, ಲೇತಿನ ವೇಗವನ್ನು 1500ರಿಂದ 2000ಕ್ಕೆ ಏರಿಸಿ, ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯಿರಿ. ತಿಕ್ಕಾಟದ ಬಿಸಿಗೆ ಕಡ್ಡಿಯ ತುದಿ ಕರಗಿ ಮರದ ಮೇಲೆ ಪಟ್ಟಿಯಾಗಿ ಹತ್ತುತ್ತದೆ. ಮೊದಲು ಅದು ಗಂಟುಗಂಟಾಗಿ, ಅಲ್ಲಲ್ಲಿ ಬಿಟ್ಟಂತೆ ಕಾಣುವುದು ಸಹಜ. ಆಗ ತಾಳೆ ಗರಿಯನ್ನು, ಎಂದರೆ ಕೇದಗೆ ಜಾತಿಯ ಗಿಡದ ಒಣಗಿದ ಎಲೆಯನ್ನು, ಅಂಚಿನ ಮುಳ್ಳು ತೆಗೆದು ಮಡಿಸಿ ಅದರ ಮೇಲೆ ಒತ್ತಬೇಕು. ಗರಿಯ ತಿಕ್ಕಾಟಕ್ಕೆ ಅರಗು ಮತ್ತೆ ಮೆದುವಾಗಿ, ಗರಿ ಸರಿದ ಕಡೆಗೆ ಹರಿದು, ಮರದ ಎಳೆಯೊಳಕ್ಕೆ ಇಳಿಯುತ್ತದೆ. ಗರಿಯನ್ನು ಒಂದೇ ಕಡೆ ನಿಲ್ಲಿಸದೆ ಎಡಕ್ಕೂ ಬಲಕ್ಕೂ ಸಮನಾದ ವೇಗದಲ್ಲಿ ಒಯ್ಯುತ್ತ ಬಂದರೆ, ನೋಡನೋಡುತ್ತ ಆ ಗಂಟುಗಳೆಲ್ಲ ಕರಗಿ ಬಣ್ಣದ ಮೇಲೆ ಬೆಳಕು ಹೊಳೆಯಲು ತೊಡಗುತ್ತದೆ. ಈ ಹೊಳಪನ್ನು ಯಾವ ಯಂತ್ರದ ಪಾಲಿಷೂ ಕೊಟ್ಟದ್ದನ್ನು ನಾನು ಕಂಡಿಲ್ಲ.

ಹೆಚ್ಚು ಒತ್ತಿದರೆ ಅರಗು ಸುಟ್ಟು ಕಪ್ಪಾಗುತ್ತದೆ. ಮುಚ್ಚಳ ಕಂಠದ ಮೇಲೆ ಜಾರಲೂಬಹುದು. ತಿಳಿ ಬಣ್ಣಗಳನ್ನು ಮೊದಲು, ಗಾಢ ಬಣ್ಣಗಳನ್ನು ಆಮೇಲೆ ಹಾಕಬೇಕು. ಎರಡು ಬಣ್ಣಗಳು ಕೂಡುವ ಕಡೆ ಓರೆ ಉಳಿಯ ಮೊನೆಯನ್ನು ತಾಗಿಸಿ ಗೆರೆಯನ್ನು ಸ್ವಚ್ಛಗೊಳಿಸಬಹುದು. ಭರಣಿಯನ್ನೆಲ್ಲ ಬಣ್ಣದಲ್ಲಿ ಮುಳುಗಿಸುವುದು ವಾಡಿಕೆಯಾದರೂ ಹಾಲೆಯ ಬಿಳುಪನ್ನು ಮುಚ್ಚಲು ನನಗೆ ಮನಸ್ಸು ಬಾರದು. ಮೈಗೆ ಬಣ್ಣವಿಲ್ಲದ ಅರಗನ್ನು ಹಾಕಿ, ಭುಜದ ಸುತ್ತ ಒಂದು ಕೆಂಪು ಪಟ್ಟಿ, ಮೊಗ್ಗಿಗೆ ಅದೇ ಕೆಂಪು, ಇಷ್ಟೇ ಇದ್ದರೆ ಒಳಗೇನಿದೆಯೆಂದು ಭರಣಿ ಹೊರಗಿನಿಂದಲೇ ಹೇಳುತ್ತದೆ. ಕೊನೆಗೆ ಟೇಲ್‌ಸ್ಟಾಕನ್ನು ಹಿಂದಕ್ಕೆ ಸರಿಸಿ, ಮೊಗ್ಗಿನ ತುದಿಯ ಚೂರನ್ನು ಓರೆ ಉಳಿಯಿಂದ ಹಗುರಾಗಿ ತೆಗೆದು, ಉಜ್ಜಿ, ಅಲ್ಲಿಗೂ ಅರಗು ಮುಟ್ಟಿಸಿ. ಸಂದಿನ ತಗ್ಗಿನಲ್ಲಿ ಉಳಿಯ ಮೊನೆಯನ್ನು ಮತ್ತೊಮ್ಮೆ ಓಡಿಸಿ, ಅಲ್ಲಿ ಸೇರಿರಬಹುದಾದ ಅರಗನ್ನು ಬಿಡಿಸಿದ ಮೇಲೆಯೇ ಮುಚ್ಚಳವನ್ನು ತಿರುಗಿಸಿ ತೆಗೆಯಬೇಕು. ಇಲ್ಲವಾದರೆ ಅಂಚಿನ ಅರಗು ಚಕ್ಕೆಯೇಳುತ್ತದೆ.

ಒಳಗನ್ನು ತೋಡುವುದು

ಮೈಯನ್ನು ಪೂರ್ತಿಯಾಗಿ ತೋಡುವುದನ್ನು ಇಲ್ಲಿಯವರೆಗೆ ಮುಂದಕ್ಕೆ ಹಾಕಿದ್ದಕ್ಕೆ ಕಾರಣವಿದೆ. ಬಿಗಿಯಾದ ಮುಚ್ಚಳವನ್ನು ಹೊತ್ತು ತಿರುಗಲು ಕಂಠ ದಪ್ಪವಾಗಿರಬೇಕಿತ್ತು. ತೆಳ್ಳನೆಯ ಕಂಠವಾಗಿದ್ದರೆ ಒತ್ತಡಕ್ಕೆ ಸೀಳುತ್ತಿತ್ತು. ಈಗ 25 ಮಿ.ಮೀ.ಯ ಡ್ರಿಲ್ಲಿಗೆ 30 ಮಿ.ಮೀ. ಆಳದ ಗುರುತಿಗೆ ಒಂದು ಪಟ್ಟಿ ಅಂಟಿಸಿ, ನಿಧಾನವಾದ ವೇಗದಲ್ಲಿ ಕೊರೆಯಿರಿ. ಆಗಾಗ ಹೊರಕ್ಕೆಳೆದು ಹೊಟ್ಟು ತೆಗೆಯಬೇಕು. ಡ್ರಿಲ್ ಬಿಸಿಯಾದರೆ ಒಳಗೆ ಮರ ಬಿರಿಯುತ್ತದೆ, ಹೊರಗೆ ಅರಗು ಮೆದುವಾಗುತ್ತದೆ. ಆಮೇಲೆ ಸಣ್ಣ ಗೌಜಿನಿಂದ ನಡುವಿನಿಂದ ಹೊರಕ್ಕೆ ತೋಡುತ್ತ 36 ಮಿ.ಮೀ. ಅಗಲಕ್ಕೆ ತಂದು, ದುಂಡು ಬಾಯಿಯ ಸ್ಕ್ರೇಪರಿನಿಂದ ಮುಗಿಸಿ. ಕಂಠದ ತುದಿಯಿಂದ ಒಳಗಿನ ಆಳ 32 ಮಿ.ಮೀ. ಇದ್ದರೆ ತಳಕ್ಕೆ 8 ಮಿ.ಮೀ. ದಪ್ಪ ಉಳಿಯುತ್ತದೆ.

ಒಳಗಿನ ತಳಕ್ಕೂ ಗೋಡೆಗೂ ನಡುವೆ ಮೂಲೆ ಇರಬಾರದು. ಕುಂಕುಮ ಮುಗಿಯುತ್ತ ಬಂದಾಗ ಉಂಗುರದ ಬೆರಳು ಕೊನೆಯ ಚಿಟಿಕೆಯನ್ನು ತಳದಿಂದ ಎತ್ತಿಕೊಳ್ಳುವಂತಿರಬೇಕು. ಮೂಲೆಯಿದ್ದರೆ ಅಲ್ಲಿ ಸೇರಿದ್ದು ಅಲ್ಲೇ ಉಳಿಯುತ್ತದೆ. ತಳವನ್ನು ಬಟ್ಟಲಿನಂತೆ ದುಂಡಗೆ ಮಾಡಿ, ಉಜ್ಜಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಎರಡು ಕೈ ತೆಳ್ಳಗೆ ಬಳಿಯಿರಿ. ಹಾಗೆ ಬಳಿಯದ ಬಿಳಿ ಮರ ಮೊದಲ ದಿನವೇ ಕುಂಕುಮದ ಬಣ್ಣ ಕುಡಿದುಬಿಡುತ್ತದೆ. ಅರಿಸಿನಕ್ಕೆ ಸುಣ್ಣದಂಥ ಕ್ಷಾರ ಬೆರೆಸಿ ಮಾಡುವ ಕುಂಕುಮ ಒದ್ದೆಯಾದರೆ ಅರಗಿನ ಲೇಪವನ್ನು ಮೆದುಗೊಳಿಸುವುದರಿಂದ, ಭರಣಿಗೆ ತುಂಬುವ ಕುಂಕುಮ ಒಣಗಿರಬೇಕೆಂದು ಕೊಡುವವರಿಗೆ ಹೇಳಿ ಕೊಡಿ.

ಬಿಗಿಯನ್ನು ಸಡಿಲಿಸುವುದು ಮತ್ತು ತಳ

ಡಬ್ಬಿಯ ಮುಚ್ಚಳ ಎಳೆದಾಗ ಟಪ್ಪೆಂದು ಸದ್ದು ಮಾಡಬೇಕೆಂದು ಬಯಸುವ ಕಡಚಲುಗಾರರು ಅನೇಕರಿದ್ದಾರೆ. ಕಿವಿಯೋಲೆಯ ಡಬ್ಬಿಗೆ ಅದು ಶೋಭಿಸಬಹುದು. ಕುಂಕುಮದ ಭರಣಿಗೆ ಅದು ಸಲ್ಲದು. ಮೊಗ್ಗನ್ನು ಹಿಡಿದು ಎತ್ತಿದಾಗ ಮುಚ್ಚಳ ಮಾತ್ರ ಮೇಲೆ ಬಂದು ಭರಣಿ ಪೀಠದ ಮೇಲೆಯೇ ಉಳಿಯಬೇಕು. ಭರಣಿಯನ್ನು ಓರೆಯಾಗಿಸಿದಾಗ ಮಾತ್ರ ಮುಚ್ಚಳ ತಾನಾಗಿ ಬೀಳಬಾರದು. ಲೇತನ್ನು ನಿಧಾನ ವೇಗದಲ್ಲಿ ತಿರುಗಿಸುತ್ತ, 320ರ ಕಾಗದವನ್ನು ಕಂಠಕ್ಕೆ ಎರಡೇ ಸೆಕೆಂಡು ತಾಗಿಸಿ, ನಿಲ್ಲಿಸಿ, ಮುಚ್ಚಳವಿಟ್ಟು ಎತ್ತಿ ನೋಡಬೇಕು. ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಬೇಕು. ನಾಲ್ಕು ದಿಕ್ಕಿಗೂ ಒಂದೇ ಹಿಡಿತ ಬಂದರೆ ಕಂಠ ಗುಂಡಗಿದೆ. ಮಳೆಗಾಲದಲ್ಲಿ ಮಾಡುತ್ತಿದ್ದರೆ ಸ್ವಲ್ಪ ಬಿಗಿಯಾಗಿ ಬಿಡಿ, ಚೈತ್ರ ವೈಶಾಖದಲ್ಲಿ ಮಾಡುತ್ತಿದ್ದರೆ ಸ್ವಲ್ಪ ಹೆಚ್ಚು ಸಡಿಲಿಸಿ. ಕಂಠಕ್ಕೂ ಬಾಯಿಯ ಗೋಡೆಗೂ ಬಣ್ಣದ ಅರಗು ಬೇಡ. ಬಿಳಿ ಜೇನುಮೇಣವನ್ನು ಬೆರಳ ತುದಿಯಲ್ಲಿ ಸವರಿದರೆ ಸಾಕು.

ಉಳಿದದ್ದು ತಳದ ಗೂಟ. ಚಕ್ಕಿಗೆ ಬೇಡದ ಮರದ ತುಂಡೊಂದನ್ನು ಹಿಡಿಸಿ, ಭರಣಿಯ ಬಾಯೊಳಕ್ಕೆ ಮೆತ್ತಗೆ ಕೂರುವಂತೆ 36 ಮಿ.ಮೀ.ಯ ಗೂಟ ಕಡೆದು, ಅದಕ್ಕೆ ಮೆದು ಕಾಗದ ಹೊದಿಸಿ, ಭರಣಿಯನ್ನು ತಲೆಕೆಳಗಾಗಿ ತೊಡಿಸಿ. ಟೇಲ್‌ಸ್ಟಾಕಿನ ಮೊನೆಯನ್ನು ತಳದ ನಡುವಿಗೆ ಊರಿ, ಗೂಟವನ್ನು ಸಣ್ಣದಾಗಿಸುತ್ತ ಕಡೆದುಹಾಕಿ. ಅಂಚಿನ ಮೇಲೆ ಮಾತ್ರ ಭರಣಿ ನಿಲ್ಲುವಂತೆ ತಳವನ್ನು ಒಳಕ್ಕೆ ಒಂದು ಮಿಲಿಮೀಟರು ಬಾಗಿಸಿದರೆ ಅದು ಎಲ್ಲಿಟ್ಟರೂ ಅಲುಗದು. ನಡುವೆ ಉಳಿಯುವ ಕಿರುಬೆರಳಿನ ತುದಿಯಷ್ಟು ಮರವನ್ನು ಉಳಿಯಿಂದ ಕೈಯಲ್ಲೇ ಕೊಯ್ದು, ಉಜ್ಜಿ, ಅದಕ್ಕೂ ಒಂದು ಕೈ ಅರಗು ಬಳಿಯಿರಿ.

ಮುಗಿದ ಭರಣಿಯನ್ನು ಮುಚ್ಚಳ ತೆಗೆದು ಒಂದು ವಾರ ಹಾಗೆಯೇ ಇಟ್ಟು, ಆಮೇಲೆ ಮತ್ತೊಮ್ಮೆ ಮುಚ್ಚಿ ತೆರೆದು ನೋಡಿ. ಕಂಠ ಎಲ್ಲಾದರೂ ಹಿಡಿಯುತ್ತಿದ್ದರೆ ಅಲ್ಲಿ ಮುಚ್ಚಳದ ಒಳಗೆ ಉಜ್ಜಿದ ಹೊಳಪು ಕಾಣುತ್ತದೆ. ಕಂಠದ ಆ ಜಾಗವನ್ನಷ್ಟೇ ಕಾಗದದಿಂದ ಎರಡು ಸಲ ಸವರಿದರೆ ಸರಿಹೋಗುತ್ತದೆ. ಅರಗು ಸುಮಾರು 75 ಡಿಗ್ರಿ ಸೆಲ್ಸಿಯಸ್ಸಿನ ಬಿಸಿಗೆ ಮೆದುವಾಗುವುದರಿಂದ, ದೇವರ ಮನೆಯಲ್ಲಿ ದೀಪದ ಕಂಬದಿಂದ ಒಂದು ಗೇಣಾದರೂ ದೂರ ಅದಕ್ಕೆ ಜಾಗ ಮಾಡಿಕೊಡಬೇಕು.